ಮೂವತ್ಮೂರು ವರ್ಷ ಆರಿಸದೇ ಇಟ್ಟ ರೆಕಾರ್ಡರು

ಅಕ್ಕಾರ, ವೈನ್ಯಾರ, ಈ ಸಲ ಅಡಗಿಮನಿ ಬಿಟ್ಟು ಪಡಸಾಲಿಗೆ ಬರೋಣ. ಈಗ ಭಾಳ ಮನ್ಯಾಗ ಟಿವಿ ಕೆಳಗ ಒಂದು ಕರೇ ಡಬ್ಬಿ ಇರ್ತದ, ಅದರ ಬಾಜೂಕ ಅಂಗೈಯಷ್ಟು ಒಂದು ಹಾರ್ಡ್ ಡಿಸ್ಕ್. ಎರಡಕ್ಕೂ ಒಂದೊಂದು ಸಣ್ಣ ದೀಪ. ನಾವು ಮಲಗಿದ ಮ್ಯಾಲೂ ಅವು ಮಲಗೂದಿಲ್ಲ. ಸಂಜಿ ಧಾರಾವಾಹಿ ತಪ್ಪಬಾರದು, ಮೊಮ್ಮಗನ ಕ್ರಿಕೆಟ್ ತಪ್ಪಬಾರದು ಅಂತ ಹಗಲೂ ರಾತ್ರಿ ಚಾಲೂ ಇಟ್ಟಿರತೇವಿ. ಹಂಗ ಇಟ್ರ ಕೆಡತದೇನು, ಕರೆಂಟು ಭಾಳ ತಿಂತದೇನು ಅಂತ ಕೇಳೋರು ಭಾಳ ಮಂದಿ. ಅದನ್ನೂ ಹೇಳ್ತೀನಿ. ಆದ್ರ ಅದಕ್ಕಿಂತ ಮೊದಲು, ಟಿವಿ ರೆಕಾರ್ಡರನ್ನ 33 ವರ್ಷ ಆರಿಸದೇ ಇಟ್ಟಿದ್ದ ಒಬ್ಬ ಹೆಣಮಗಳ ಇತಿಹಾಸ ಹೇಳಬೇಕು. ಆಕೀ ಕತಿ ತಿಳದ್ರ ನಮ್ಮ ಡಬ್ಬೀ ಕತಿನೂ ತಿಳೀತದ.

ಮೊದಲ ಮೊದಲ ಟಿವಿ ಅಂದ್ರ ನಾಟಕ ಇದ್ಧಂಗ ಇತ್ತು. ಸ್ಟುಡಿಯೋದಾಗ ಅವರು ಮಾತಾಡೋ ಹೊತ್ತಿಗೇ ಇಲ್ಲೆ ಮನ್ಯಾಗ ಇವರು ನೋಡಬೇಕು. ತಪ್ಪಿತಂದ್ರ ತಪ್ಪೇ ಹೋತು. 1956ರಾಗ ಅಮೆರಿಕಾದ ಆಂಪೆಕ್ಸ್ ಅನ್ನೋ ಕಂಪನಿ ವಿಡಿಯೋ ಟೇಪಿನ ಯಂತ್ರ ತಂತು. ಅದೇ ವರ್ಷ ನವೆಂಬರ್ 30ಕ್ಕ ಸಿಬಿಎಸ್ ಚಾನೆಲ್ಲಿನವರು ನ್ಯೂಯಾರ್ಕಿನ ಸಂಜಿ ವಾರ್ತೆಯನ್ನ ಹಾಲಿವುಡ್‌ನ್ಯಾಗ ಟೇಪಿಗೆ ಹಿಡದು, ಪಶ್ಚಿಮ ಕರಾವಳಿ ಮಂದಿಗೆ ಅವರ ಸಂಜಿ ಹೊತ್ತಿಗೆ ತೋರಿಸಿದರು. ಎರಡೂ ಕಡೆ ಗಡಿಯಾರಕ್ಕ ಮೂರು ತಾಸಿನ ಫರಕು ಅದಲ್ಲ, ಅದರ ಸಲುವಾಗಿ. ಅಂದ್ರ ನೋಡ್ರಿ, ಟಿವಿಯವರಿಗೆ ಟೇಪು ಬೇಕಾಗಿದ್ದು ಕಾಯ್ದಿಡಲಿಕ್ಕೆ ಅಲ್ಲ, ಮೂರು ತಾಸು ತಡಾ ಮಾಡಲಿಕ್ಕೆ. ಒಮ್ಮೆ ತೋರಿಸಿದ ಮ್ಯಾಲೆ ಅಳಿಸಿ ಮತ್ತ ಅದರ ಮ್ಯಾಲೇ ಹಿಡೀಬಹುದು ಅನ್ನೋದೇ ಅದರ ದೊಡ್ಡ ಗುಣ ಆಗಿತ್ತು. ನಮ್ಮ ಸಾಲಿ ಪಾಟಿ ಇದ್ಧಂಗ, ಬರೀ, ಒರಸು, ಮತ್ತ ಬರೀ.

ಟೇಪಿನ ಬೆಲಿ ಆವಾಗ ಭಾಳ. ಅದಕ್ಕ ದೊಡ್ಡ ದೊಡ್ಡವರೂ ಒರಸೇ ಒರಸಿದರು. ಅಮೆರಿಕಾದ ಫುಟ್‌ಬಾಲಿನ ಮೊದಲನೇ ಸೂಪರ್ ಬೌಲ್ ಪಂದ್ಯ 1967ರ ಜನವರಿಯೊಳಗ ಎರಡು ಚಾನೆಲ್ ಒಮ್ಮೆಲೆ ತೋರಿಸಿದ್ದವು. ಇಬ್ಬರೂ ಟೇಪು ಇಡಲಿಲ್ಲ. ಮುಂದ 2005ರಾಗ ಪೆನ್ಸಿಲ್ವೇನಿಯಾದ ಒಂದು ಮನೀ ಅಟ್ಟದ ಮ್ಯಾಲೆ ಒಬ್ಬ ಸಾಮಾನ್ಯ ಪ್ರೇಕ್ಷಕ ಹಿಡದಿಟ್ಟಿದ್ದ ಟೇಪು ಸಿಕ್ಕಿತು, ಅದ್ರಾಗೂ ಆಟದ ನಡುನಡುವೆ ಬಿಟ್ಟುಹೋಗ್ಯದ. ಇಂಗ್ಲೆಂಡಿನ ಬಿಬಿಸಿಯವರು 1969ರಾಗ ಮನುಷ್ಯಾ ಚಂದ್ರನ ಮ್ಯಾಲೆ ಕಾಲಿಟ್ಟ ರಾತ್ರಿ ತಮ್ಮ ಸ್ಟುಡಿಯೋದಾಗ ನಡಸಿದ್ದ ಕಾರ್ಯಕ್ರಮದ ಟೇಪನ್ನೇ ಕಳಕೊಂಡರು. ನಾಸಾದವರು 2009ರಾಗ ಹುಡುಕಿ ಹುಡುಕಿ ಹೇಳಿದ್ದೇನಂದ್ರ, ಚಂದ್ರನಿಂದ ಬಂದ ಮೂಲ ಸಿಗ್ನಲ್ಲಿನ ಟೇಪುಗಳನ್ನ ತಾವೇ ಅಳಿಸಿ ಬ್ಯಾರೆ ಕೆಲಸಕ್ಕ ಉಪಯೋಗಿಸಿರಬೇಕು ಅಂತ. ಪುಣ್ಯಾಕ್ಕ ಟಿವಿಯೊಳಗ ಹೋದ ಚಿತ್ರ ಉಳದಿತ್ತು, ಇಲ್ಲಂದ್ರ ಚಂದ್ರಗೆ ಹೋದ ಕತಿ ಬರೇ ಬಾಯಿಮಾತಾಗತಿತ್ತು.

ಇನ್ನ ಮಧ್ಯಾಹ್ನದ ಕಾರ್ಯಕ್ರಮದ ಗತಿ ಕೇಳಬ್ಯಾಡ್ರಿ. ಮನ್ಯಾಗಿದ್ದ ಹೆಂಗಸರು ಕೆಲಸಾ ಮುಗಿಸಿ ಕೂತು ನೋಡತಿದ್ದ ದಿನಾ ಬರೋ ಧಾರಾವಾಹಿ, ಬಹುಮಾನದ ಆಟ, ಇವೆಲ್ಲಾ ಅಮೆರಿಕಾದಾಗ 1970ರ ದಶಕದ ತನಕಾ ರಾಶಿಗಟ್ಟಲೆ ಅಳಿಸಿ ಹೋದವು. ಇವನ್ನ ಯಾರು ಎರಡನೇ ಸಲ ನೋಡ್ತಾರ ಅನ್ನೋದು ಅವರ ವಿಚಾರ. ಹೆಣಮಕ್ಕಳು ನೋಡೋದಕ್ಕ ಕಿಮ್ಮತ್ತು ಕಡಿಮಿ ಅನ್ನೋದು ನಮ್ಮ ಊರಾಗ ಅಷ್ಟೇ ಅಲ್ಲ.

ಸುದ್ದಿದೂ ಅದೇ ಹಣೇಬರಹ. 1968ರಾಗ ಪಾಲ್ ಸಿಂಪ್ಸನ್ ಅನ್ನೋ ವಿಮಾ ಕಂಪನಿಯ ಒಬ್ಬರು ನ್ಯೂಯಾರ್ಕಿಗೆ ಹೋಗಿ, ಸಂಜಿ ವಾರ್ತೆ ಟೇಪು ಎಷ್ಟು ದಿನ ಇಡತೀರಿ ಅಂತ ಚಾನೆಲ್ಲಿನವರನ್ನ ವಿಚಾರಿಸಿದರು. ಎರಡು ವಾರ, ಆಮ್ಯಾಲೆ ಅಳಸತೇವಿ ಅನ್ನೋದು ಉತ್ತರ. ಹಳೇ ಪೇಪರು ಗ್ರಂಥಾಲಯದಾಗ ನೂರು ವರ್ಷ ಇರತದ, ದೇಶಕ್ಕ ದೇಶಾನೇ ಕೂತು ನೋಡಿದ ವಾರ್ತೆ ಹದಿನೈದು ದಿನಾನೂ ಬಾಳೂದಿಲ್ಲ ಅಂದ್ರ ಹೆಂಗ ಅಂತ ಅವರಿಗೆ ಅನಿಸಿತು. ತಾವು ಓದಿದ ನ್ಯಾಶ್‌ವಿಲ್ ಊರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕ ದುಂಬಾಲು ಬಿದ್ದು, ಅದೇ ವರ್ಷ ಆಗಸ್ಟ್ 5ರಿಂದ ಮೂರೂ ಚಾನೆಲ್ಲಿನ ಸಂಜಿ ವಾರ್ತೆ ಹಿಡದಿಡೋ ವ್ಯವಸ್ಥಾ ಮಾಡಿಸಿದರು. ಚಾನೆಲ್ಲಿನವರಿಗೆ ಇದು ಸೇರಲಿಲ್ಲ. ಸಿಬಿಎಸ್ 1973ರಾಗ ಕೋರ್ಟಿಗೂ ಹೋತು. ಕೊನೀಗೆ 1976ರ ಅಮೆರಿಕಾದ ಹೊಸಾ ಹಕ್ಕುಸ್ವಾಮ್ಯ ಕಾಯದೆಯೊಳಗ, ಗ್ರಂಥಾಲಯಗಳು ವಾರ್ತೆ ಹಿಡದಿಡಬಹುದು ಅಂತ ಬರದರು. ಆದ್ರ ವ್ಯಾಂಡರ್‌ಬಿಲ್ಟ್‌ನವರ ಕೆಲಸದ ಜೀವಾಳ ಸಂಜಿ ವಾರ್ತೆ. ದಿನದ ಉಳದ ತಾಸುಗಳಾಗ ಟಿವಿ ಏನು ಹೇಳಿತು, ಏನು ಮಾರಿತು, ಅದು ಗಾಳ್ಯಾಗ ಹೋಗ್ತಿತ್ತು.

ಇಲ್ಲಿಗೆ ನಮ್ಮ ಹೆಣಮಗಳು ಬರ್ತಾಳ. ಹೆಸರು ಮೇರಿಯನ್ ಸ್ಟೋಕ್ಸ್. 1929ರಾಗ ಫಿಲಡೆಲ್ಫಿಯಾದಾಗ ಹುಟ್ಟಿದಾಕಿ, ಕಪ್ಪು ಜನಾಂಗದಾಕಿ. ವಯಸ್ಸಿನ್ಯಾಗ ಆ ಊರಿನ ಸಾರ್ವಜನಿಕ ಗ್ರಂಥಾಲಯದಾಗ ಕೆಲಸಾ ಮಾಡತಿದ್ದಳು. ಕಮ್ಯುನಿಸ್ಟ್ ವಿಚಾರದಾಕಿ ಆದದ್ದಕ್ಕ ಸರಕಾರದ ಗುಪ್ತಚರರು ಆಕೀ ಮ್ಯಾಲೆ ಕಣ್ಣಿಟ್ಟಿದ್ದರು, ಗ್ರಂಥಾಲಯದ ಕೆಲಸಾನೂ ಹೋತು. ಮುಂದ 1960ರ ದಶಕದ ಕೊನೀಗೆ ಊರಿನ ಟಿವಿ ಚಾನೆಲ್ಲಿನ್ಯಾಗ ರವಿವಾರ ಮುಂಜಾನೆ ‘ಇನ್‌ಪುಟ್’ ಅನ್ನೋ ಚರ್ಚಾ ಕಾರ್ಯಕ್ರಮ ನಡಸಲಿಕ್ಕೆ ನಿಂತಳು. ಬ್ಯಾರೆ ಬ್ಯಾರೆ ವಿಚಾರದ ಮಂದೀನ್ನ ಎದುರಾಬದುರಾ ಕೂಡಿಸಿ ಮಾತಾಡಸೋದು. ಅದರೊಳಗ ಜೋಡಿ ಇದ್ದ ಜಾನ್ ಸ್ಟೋಕ್ಸ್ ಅನ್ನೋರನ್ನೇ ಮುಂದ ಮದುವಿ ಆದಳು. ಹಿಂಗಾಗಿ ಟಿವಿ ಹೊರಗಿಂದ ಹೆಂಗ ಕಾಣತದ, ಒಳಗ ಹೆಂಗ ತಯಾರಾಗತದ, ಎರಡೂ ಆಕೀಗೆ ಗೊತ್ತಿತ್ತು. ಅಡಗಿ ಮಾಡಿದಾಕಿಗೇ ಗೊತ್ತಿರತದಲ್ಲ, ಸಾರಿನ್ಯಾಗ ಏನು ಹಾಕ್ಯದ, ಏನು ಬಿಟ್ಟದ ಅಂತ.

ಮನ್ಯಾಗ ಹಿಡಕೊಳ್ಳೋ ಯಂತ್ರ ಬಂದದ್ದು 1975ರಾಗ, ಸೋನಿಯವರ ಬೀಟಾಮ್ಯಾಕ್ಸ್. ಮರುವರ್ಷ ಜೆವಿಸಿಯವರ ವಿಎಚ್‌ಎಸ್. ನಾವೆಲ್ಲಾ ಮದುವಿ ಕ್ಯಾಸೆಟ್ ಅಂತಿದ್ದೆವಲ್ಲ, ಅದೇ. ಮನ್ಯಾಗ ಕೂತು ಟಿವಿ ಹಿಡಕೊಳ್ಳೋದು ಕಳವು ಅಂತ ಯೂನಿವರ್ಸಲ್ ಮತ್ತ ಡಿಸ್ನಿ ಸಿನಿಮಾ ಕಂಪನಿಯವರು 1976ರಾಗ ಸೋನಿ ಮ್ಯಾಲೆ ಖಟ್ಲೆ ಹಾಕಿದರು. ಏಳು ವರ್ಷಕ್ಕೂ ಹೆಚ್ಚು ನಡೀತದು. 1984ರ ಜನವರಿ 17ಕ್ಕ ಅಮೆರಿಕಾದ ಸುಪ್ರೀಂ ಕೋರ್ಟು ತೀರ್ಪು ಕೊಡ್ತು, ಹೊತ್ತಿಗೆ ನೋಡಲಿಕ್ಕೆ ಆಗದವರು ಹಿಡದಿಟ್ಟು ಆಮ್ಯಾಲೆ ನೋಡಿದ್ರ ತಪ್ಪಿಲ್ಲ ಅಂತ. ಒಂಬತ್ತು ನ್ಯಾಯಾಧೀಶರೊಳಗ ಐದು ಮಂದಿ ಹೌದು, ನಾಲ್ಕು ಮಂದಿ ಅಲ್ಲ ಅಂದರು. ಒಂದೇ ಒಂದು ಮತ ಆ ಕಡೆ ಹೋಗಿದ್ರ ಈ ಡಬ್ಬೀ ಚರಿತ್ರಾನೇ ಬ್ಯಾರೆ ಆಗತಿತ್ತು.

ಮೇರಿಯನ್ ಕೋರ್ಟಿನ ತೀರ್ಪಿನ ದಾರಿ ಕಾಯಲಿಲ್ಲ. 1979ರ ನವೆಂಬರ್ 4ಕ್ಕ ಇರಾನಿನ ತೆಹರಾನ್‌ನ್ಯಾಗ ಅಮೆರಿಕಾದ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿ ಒಳಗಿದ್ದವರನ್ನ ಒತ್ತೆ ಇಟಗೊಂಡರು. 444 ದಿವಸ ನಡೀತು ಅದು. ದಿನಾ ರಾತ್ರಿ ಟಿವಿಯೊಳಗ ಅದೇ ಸುದ್ದಿ. ಆದ್ರ ಮೊದಲನೇ ವಾರ ಹೇಳಿದ್ದ ಮಾತು ಬರಬರತಾ ಬದಲಾಗೋದು, ಮೊದಲ ಇದ್ದ ಪ್ರಶ್ನೆ ಆಮ್ಯಾಲೆ ಇಲ್ಲದಂಗ ಆಗೋದು ಆಕೀ ಕಣ್ಣಿಗೆ ಬಿತ್ತು. ನಿನ್ನೆ ಹಿಂಗಂದಿದ್ದರು ಅಂತ ತೋರಿಸಬೇಕಂದ್ರ ನಿನ್ನಿನ ಟೇಪು ಬೇಕಲ್ಲ? ಚಾನೆಲ್ಲಿನವರ ಕಡೆ ಇದ್ದರೂ ನಮ್ಮಂಥ ಮಂದಿಗೆ ಕೊಡೂದಿಲ್ಲ. ಆವಾಗ ಚಾಲೂ ಮಾಡಿದ ರೆಕಾರ್ಡರನ್ನ ಆಕಿ ಮತ್ತ ಆರಸಲೇ ಇಲ್ಲ. 1980ರ ಜೂನ್ 1ಕ್ಕ ಸಿಎನ್‌ಎನ್ ಅಂತ ದಿನಾ 24 ತಾಸಿನ ಸುದ್ದಿ ಚಾನೆಲ್ಲೇ ಶುರುವಾತು. ಸುದ್ದಿಗೆ ರಾತ್ರಿ ಇಲ್ಲ ಅಂದ ಮ್ಯಾಲೆ ಆಕೀ ಯಂತ್ರಕ್ಕೂ ರಾತ್ರಿ ಇಲ್ಲದಂಗ ಆತು. ಒಂದು ಯಂತ್ರ ಎರಡಾತು, ಮೂರಾತು, ಒಂದೊಂದು ಕಾಲಕ್ಕ ಎಂಟರ ತನಕಾ ಒಮ್ಮೆಲೆ ಓಡತಿದ್ದವು.

ಇಲ್ಲೆ ಒಂದು ಮಾತು ಲಕ್ಷ್ಯ ಇಟ್ಟು ಕೇಳ್ರಿ. ರೆಕಾರ್ಡರು ಚಾಲೂ ಇಟ್ಟಳು ಅಂತ ಹೇಳೋದು ಸುಲಭ. ಆದ್ರ ಆ ಕಾಲದ ಒಂದು ಕ್ಯಾಸೆಟ್ಟು ಸಾವಕಾಶದ ವೇಗಕ್ಕ ಹಾಕಿದ್ರ 6 ತಾಸು. ಆರು ತಾಸಿಗೊಮ್ಮೆ ಯಾರರೆ ಎದ್ದು ಹೋಗಿ ಹಳೇದು ತಗದು, ಹೊಸಾದು ಹಾಕಿ, ಬೆನ್ನಿನ ಮ್ಯಾಲೆ ತಾರೀಖು, ಚಾನೆಲ್ ಬರದು ಇಡಬೇಕು. ಒಂದು ಯಂತ್ರಕ್ಕ ದಿನಕ್ಕ ನಾಲ್ಕು ಸಲ. ವರ್ಷಕ್ಕ 1,460 ಸಲ. ಹಬ್ಬಿಲ್ಲ, ಹುಣ್ಣಿವಿಲ್ಲ, ಜ್ವರ ಬಂದರೂ ಬಿಡೂಹಂಗಿಲ್ಲ. ನಂದಾದೀಪ ನೋಡಿದವರು ಅಂತಾರ, ಎಷ್ಟು ವರ್ಷದಿಂದ ಉರೀಲಿಕ್ಕೆ ಹತ್ತ್ಯದ ಅಂತ. ಅದಕ್ಕ ಎಣ್ಣಿ ಹಾಕಿ ಬತ್ತಿ ಮುಂದ ಮಾಡೋಕಿಗೆ ಗೊತ್ತು, ದೀಪ ತಾನಾಗೇ ಉರೀಯೂದಿಲ್ಲ ಅಂತ.

ಮನೀ ಮಂದಿ ಹೋಟೆಲ್ಲಿಗೆ ಊಟಕ್ಕ ಹೋದರೂ ಟೇಪು ಮುಗಿಯೋ ಹೊತ್ತಾತು ಅಂತ ನಡುವೇ ಎದ್ದು ಬರತಿದ್ದರಂತ. ಫಿಲಡೆಲ್ಫಿಯಾದ ದೊಡ್ಡ ಚೌಕದ ಬಾಜೂಕಿದ್ದ ಆಕೀ ಮನ್ಯಾಗ ಟೇಪು ಹಿಡಸಲಾರದ ಬ್ಯಾರೆ ಅಪಾರ್ಟ್‌ಮೆಂಟು, ಗೋದಾಮು ಹಿಡದು ಅಲ್ಲೆ ತುಂಬಿಸಿಟ್ಟಳು. ಬರೇ ಟೇಪಲ್ಲ. ಸಾವಿರಾರು ಪುಸ್ತಕ, ಕಟ್ಟುಗಟ್ಟಲೆ ಪೇಪರು, ನೂರಕ್ಕೂ ಹೆಚ್ಚು ಆಪಲ್ ಕಂಪ್ಯೂಟರು. ರೊಕ್ಕದ ಅಡಚಣಿ ಇರಲಿಲ್ಲ. ಗಂಡನ ಮನಿ ಶ್ರೀಮಂತರದು, ಮತ್ತ ಆಪಲ್ ಕಂಪನಿ ಇನ್ನೂ ಸಣ್ಣದಿದ್ದಾಗಲೇ ಆಕಿ ಅದರ ಶೇರು ತಗೊಂಡಿದ್ದಳು. ಯಂತ್ರಗಳ ಸೇವಾಕ್ಕ ಮನೀ ಕೆಲಸದವರೂ ಕೈ ಹಚ್ಚತಿದ್ದರು.

ಆದ್ರ ರೊಕ್ಕದ್ದಲ್ಲದ ಲೆಕ್ಕ ಒಂದಿರತದಲ್ಲ, ಅದನ್ನ ಮನಿಯವರು ಕೊಟ್ಟರು. ಮೊದಲನೇ ಮದುವಿಯ ಒಬ್ಬ ಮಗ ಇದ್ದ. ತಾಯಿ ಮಗನ ನಡುವೆ ಎಷ್ಟೋ ವರ್ಷ ಸರಿ ಇರಲಿಲ್ಲ. ಗಂಡನ ಮೊದಲನೇ ಮಕ್ಕಳೂ ದೂರಾದರು. ಗಂಡಾ ಹೆಂಡತಿ ಇಬ್ಬರೇ ಬಾಗಲಾ ಹಾಕ್ಕೊಂಡು ಟಿವಿಗಳ ನಡುವೆ ಇದ್ಧಂಗ ಆತು. ಆಕಿ ಮಾಡಿದ್ದು ದೊಡ್ಡ ಕೆಲಸ ಅನ್ನೋದು ಎಷ್ಟು ಖರೇನೋ, ಆ ಕೆಲಸದ ಕಾಲಾಗ ಮನೀ ಮಂದಿ ನಿಂತು ದಣದದ್ದೂ ಅಷ್ಟೇ ಖರೆ. ಎರಡನ್ನೂ ಕೂಡಿಸೇ ಹೇಳಬೇಕು. ಹೊರಗಿನವರು ಇಂಥಾಕಿಗೆ ಹುಚ್ಚು ಅಂತಾರ, ಸಾಮಾನು ಕೂಡಿಡೋ ಚಟ ಅಂತಾರ. ಅಟ್ಟದ ಮ್ಯಾಲೆ ಖಾಲಿ ಡಬ್ಬಿ ಇಟ್ಟ ನಮ್ಮ ಅಜ್ಜಿಗೂ ಅದನ್ನೇ ಅಂತಿದ್ದೆವು. ಆದ್ರ ಮೇರಿಯನ್ ಕೂಡಿಟ್ಟದ್ದು ಗ್ರಂಥಾಲಯದಾಕಿ ಕೂಡಿಟ್ಟಂಗ. ತಾರೀಖು ಹಚ್ಚಿ, ಸಾಲಾಗಿ, ಒಂದಿನ ಯಾರರೆ ಹುಡುಕ್ಕೊಂಡು ಬರ್ತಾರ ಅಂತ ತಿಳದು.

2012ರ ಡಿಸೆಂಬರ್ 14ಕ್ಕ, 83ನೇ ವಯಸ್ಸಿನ್ಯಾಗ ಆಕಿ ತೀರಿಕೊಂಡಳು. ಅವತ್ತು ಅಮೆರಿಕಾದ ಕನೆಕ್ಟಿಕಟ್ ರಾಜ್ಯದ ಸಾಲಿಯೊಳಗ ಗುಂಡು ಹಾರಿಸಿ ಕೂಸುಗಳನ್ನ ಕೊಂದ ಸುದ್ದಿ ಎಲ್ಲಾ ಚಾನೆಲ್ಲಿನ್ಯಾಗೂ ಬರಲಿಕ್ಕೆ ಹತ್ತಿತ್ತು. ಆಕೀ ಮನ್ಯಾಗಿನ ಯಂತ್ರಗಳು ಹಿಡದ ಕಡೀ ಸುದ್ದಿ ಅದು. ಒಟ್ಟು ಟೇಪು 70,000ಕ್ಕೂ ಮ್ಯಾಲೆ. ಒಂದೊಂದರಾಗ 6 ತಾಸು ಅಂತ ಲೆಕ್ಕ ಹಿಡದ್ರ ನಾಲ್ಕು ಲಕ್ಷ ಇಪ್ಪತ್ತು ಸಾವಿರ ತಾಸು. ಒಬ್ಬರು ಹಗಲೂ ರಾತ್ರಿ ಕಣ್ಣು ಮುಚ್ಚದ ನೋಡಿದರೂ 48 ವರ್ಷ ಬೇಕು.

ಮಗನ ಮುಂದ ಈಗ ದೊಡ್ಡ ಪ್ರಶ್ನೆ. ಬಾಲ್ಯದಾಗ ತನಗ ಸಿಗದ ತಾಯಿ ಹೊತ್ತೆಲ್ಲಾ ಈ ಡಬ್ಬಿಗಳೊಳಗ ಅದ. ಕಸದ ಗಾಡಿಗೆ ಹಾಕಿದ್ರ ಯಾರೂ ಕೇಳೋರಿರಲಿಲ್ಲ. ಅಂವ ಹಂಗ ಮಾಡಲಿಲ್ಲ. ತಾಯಿ ಕೂಡಿಟ್ಟದ್ದು ಒಡೀಬಾರದು, ಎಲ್ಲಾ ಒಂದೇ ಕಡೆ ಇರಬೇಕು, ಮಂದಿಗೆ ಉಪಯೋಗ ಆಗಬೇಕು ಅಂತ ಜಾಗಾ ಹುಡುಕಿದ. ಸ್ಯಾನ್ ಫ್ರಾನ್ಸಿಸ್ಕೋದಾಗ ಇಂಟರ್ನೆಟ್ ಆರ್ಕೈವ್ ಅನ್ನೋ ಸಂಸ್ಥಾ ಅದ, ಬ್ರೂಸ್ಟರ್ ಕೇಲ್ ಅನ್ನೋರು 1996ರಾಗ ಶುರು ಮಾಡಿದ್ದು. ಅವರು 2000ದಿಂದ ತಾವೂ ಟಿವಿ ಚಾನೆಲ್ಲುಗಳನ್ನ ಬಿಡದಂಗ ಹಿಡದಿಡಲಿಕ್ಕೆ ಹತ್ತಿದ್ದರು. ಆದ್ರ ಅದಕ್ಕಿಂತ ಹಿಂದಿನ ಇಪ್ಪತ್ತು ವರ್ಷದ್ದು? ಅದು ಈ ಹೆಣಮಗಳ ಕಡೆ ಇತ್ತು. 2013ರಾಗ ದೊಡ್ಡ ದೊಡ್ಡ ನಾಲ್ಕು ಕಂಟೇನರು ತುಂಬಿ ಟೇಪೆಲ್ಲಾ ಕ್ಯಾಲಿಫೋರ್ನಿಯಾಕ್ಕ ಹೋದವು. 2019ರಾಗ ಮ್ಯಾಟ್ ವುಲ್ಫ್ ಅನ್ನೋರು ಆಕೀ ಮ್ಯಾಲೆ ‘ರೆಕಾರ್ಡರ್’ ಅಂತ ಸಾಕ್ಷ್ಯಚಿತ್ರಾನೂ ಮಾಡಿದರು. ಅದರಾಗ 2001ರ ಸೆಪ್ಟೆಂಬರ್ 11ರ ಮುಂಜಾನೆ ನಾಲ್ಕು ಚಾನೆಲ್ ಬಾಜೂ ಬಾಜೂ ಇಟ್ಟು ತೋರಿಸ್ಯಾರ. ಒಂದರಾಗ ಹೊಗಿ ಕಾಣಲಿಕ್ಕೆ ಹತ್ತಿದಾಗ ಇನ್ನೊಂದರಾಗ ದಿನದ ಮಾತು ನಗಿ ನಡದsದ. ನೋಡನೋಡತಾ ಒಂದೊಂದಾಗಿ ಎಲ್ಲಾನೂ ಅದೇ ಹೊಗಿಗೆ ತಿರಗತಾವ. ಹಿಂಗ ಒಂದೇ ನಿಮಿಷವನ್ನ ನಾಲ್ಕು ಕಡಿಂದ ನೋಡಬೇಕಂದ್ರ ನಾಲ್ಕೂ ಯಂತ್ರ ಅವತ್ತು ಚಾಲೂ ಇರಬೇಕಾಗಿತ್ತು. ಇದ್ದವು.

ಇನ್ನ ನಮ್ಮ ಕಾಲದ ಡಬ್ಬಿಗೆ ಬರೋಣ. ಟೇಪಿನ ಬದಲಿಗೆ ಹಾರ್ಡ್ ಡಿಸ್ಕ್ ಇಟ್ಟ ಟಿವಿ ರೆಕಾರ್ಡರು ಅಮೆರಿಕಾದಾಗ 1999ರಾಗ ಬಂದವು, ಟಿವೋ ಅಂತ ಒಂದು, ರಿಪ್ಲೇ ಟಿವಿ ಅಂತ ಒಂದು. ನಮ್ಮ ದೇಶದಾಗ ಟಾಟಾ ಸ್ಕೈಯವರು 2008ರಾಗ ಹಿಡದಿಡೋ ಡಬ್ಬಿ ಕೊಟ್ಟರು. ಟಿವೋದ ಒಳಗ ಒಂದು ಜಾಣತನ ಇತ್ತು. ನೀವು ಹೇಳಲಿ ಬಿಡಲಿ, ನೋಡೋ ಚಾನೆಲ್ಲನ್ನ ಅದು ಸುಮ್ಮನ ಹಿಡೀತಾನೇ ಇರತಿತ್ತು. ಅದಕ್ಕೇ ನಡುವೆ ನಿಲ್ಲಿಸಿ, ಹಾಲು ಉಕ್ಕತದೋ ನೋಡಿ ಬಂದು, ಮತ್ತ ಬಿಟ್ಟಲ್ಲಿಂದ ನೋಡಬಹುದು. ಆದ್ರ ಅರ್ಧಾ ತಾಸಿನದಷ್ಟೇ ಇಟಗೊಂಡು, ಅದಕ್ಕಿಂತ ಹಿಂದಿಂದು ತಾನೇ ಅಳಸತಿತ್ತು. ಓಣಿ ಅಂಗಡಿಯಾಗಿನ ಸಿಸಿಟಿವಿನೂ ಹಂಗೇ, ಜಾಗಾ ತುಂಬಿತಂದ್ರ ಹಳೇ ದಿನಾ ಅಳಿಸಿ ಅದರ ಮ್ಯಾಲೆ ಇವತ್ತಿಂದು ಬರೀತದ. ಅಂದ್ರ 1956ರ ಸಾಲಿ ಪಾಟಿ ಮತ್ತ ಬಂತು. ಯಂತ್ರ ಹಗಲೂ ರಾತ್ರಿ ಚಾಲೂ ಇರೋದು ಬ್ಯಾರೆ, ಹಿಡದದ್ದು ಉಳಿಯೋದು ಬ್ಯಾರೆ. ಮೇರಿಯನ್ ಮನ್ಯಾಗ ಎರಡೂ ಒಂದೇ ಆಗಿತ್ತು, ಯಾಕಂದ್ರ ಆಕಿ ಆರು ತಾಸಿಗೊಮ್ಮೆ ಎದ್ದು ಹೋಗತಿದ್ದಳು.

ಈಗ ಕೇಳಿದ್ದಕ್ಕ ಉತ್ತರ. ಹಾರ್ಡ್ ಡಿಸ್ಕಿನ ಒಳಗ ಹೊಳಿಯೋ ತಾಟು ಇರತಾವ. ನಮ್ಮ ಸಣ್ಣ ಡಿಸ್ಕಿನ್ಯಾಗ ಸಾಮಾನ್ಯವಾಗಿ ಅವು ನಿಮಿಷಕ್ಕ 5,400 ಸುತ್ತು ತಿರಗತಾವ, ಅಂದ್ರ ಒಂದು ಸೆಕೆಂಡಿಗೆ 90. ಓದೋ ಬರಿಯೋ ಮುಳ್ಳು ತಾಟಿಗೆ ತಾಗದ ಕೂದಲಿಗಿಂತ ಸಣ್ಣ ಸಂದಿನ್ಯಾಗ ತೇಲತಿರತದ. ತಿರಗೋದರಿಂದ ಲಗೂನ ಕೆಡೂದಿಲ್ಲ. ಕೆಡಸೋದು ಕಾವು, ಧೂಳು, ಧಕ್ಕಿ, ಮತ್ತ ಬರೀತಿದ್ದಾಗಲೇ ಕರೆಂಟು ಹೋಗೋದು. ಹಿಂಗಾಗಿ ಡಿಸ್ಕನ್ನ ಬಿಸಿ ಡಬ್ಬಿ ಮ್ಯಾಲೆ ಇಡಬ್ಯಾಡ್ರಿ, ಬಾಜೂಕ ಗಾಳಿ ಆಡೂಹಂಗ ಇಡ್ರಿ. ಛಂದ ಕಾಣಲಿ ಅಂತ ಕ್ರೋಶಾದ ಹೊದಿಕಿ ಹೊಚ್ಚಬ್ಯಾಡ್ರಿ. ಇನ್ವರ್ಟರು ಇದ್ರ ಅದರ ಪ್ಲಗ್ಗಿಗೆ ಹಚ್ಚ್ರಿ. ವಾಯರು ಕೀಳೋ ಮೊದಲು ರಿಮೋಟಿನಿಂದ ಆರಿಸ್ರಿ. ಗುಡುಗು ಮಿಂಚು ಶುರುವಾಗೋ ಮೊದಲೇ ವಾಯರು, ಡಿಶ್ಶಿನ ಕೇಬಲ್ಲು ಎರಡೂ ತಗದಿಡ್ರಿ. ಸಿಸಿಟಿವಿಗೆ ಅಂತ 24 ತಾಸು ಓಡಲಿಕ್ಕೇ ಮಾಡಿದ ಡಿಸ್ಕ್ ಬ್ಯಾರೆ ಸಿಗತಾವ, ಸಾದಾ ಡಿಸ್ಕನ್ನ ಅಷ್ಟು ದುಡಿಸಿದ್ರ ಆಯುಷ್ಯ ಕಡಿಮಿ ಅಂತ ತಿಳೀರಿ. ಕರೆಂಟಿನ ಲೆಕ್ಕ ಹಿಂಗ: ಡಬ್ಬಿ, ಡಿಸ್ಕು ಕೂಡಿ 15 ವ್ಯಾಟ್ ಎಳೀತಾವಂದ್ರ ತಿಂಗಳಿಗೆ 10.8 ಯುನಿಟ್. ಊರಿಗೆ ಹೋಗೂ ಮುಂದ ಆರಿಸಿ ಹೋಗ್ರಿ.

ಎಲ್ಲಾದಕ್ಕಿಂತ ದೊಡ್ಡ ಮಾತು ಮತ್ತೊಂದು. ಆ ಡಬ್ಬಿಯೊಳಗ ಹಿಡದದ್ದು ಬಹಳಷ್ಟು ಸಲ ಅದೇ ಡಬ್ಬಿಯೊಳಗ ಅಷ್ಟೇ ನಡೀತದ, ಡಬ್ಬಿ ಬದಲಿಸಿದ್ರ ತೆಗಿಯೂದಿಲ್ಲ. ಟಿವಿಗೆ ಹಚ್ಚಿದ ಡಿಸ್ಕು ನೋಡಿ ಅಳಸೋ ಸಲುವಾಗಿ ಇರೋದು. ಮಗಳ ಮದುವಿ, ಅಜ್ಜನ ಸಹಸ್ರಚಂದ್ರ ದರ್ಶನ, ಅವ್ವನ ಹಾಡು, ಇವನ್ನ ಅದರಾಗ ಇಡಬ್ಯಾಡ್ರಿ. ಬ್ಯಾರೆ ಎರಡು ಡಿಸ್ಕಿನ್ಯಾಗ ಇಡ್ರಿ, ಎರಡೂ ಒಂದೇ ಕಪಾಟಿನ್ಯಾಗ ಬ್ಯಾಡ, ಒಂದು ತವರಮನ್ಯಾಗ ಇರಲಿ. ವರ್ಷಕ್ಕೊಮ್ಮೆ ದೀಪಾವಳಿಗೆ ಮನಿ ಝಾಡಿಸೋ ಮುಂದ ಹಚ್ಚಿ ನೋಡ್ರಿ. ಟ್ರಂಕಿನ್ಯಾಗಿನ ಮದುವಿ ಕ್ಯಾಸೆಟ್ಟಿಗೆ ಬೂಷ್ಟು ಬರಲಿಕ್ಕೆ ಹತ್ತಿದ್ರ ಲಗೂನ ಕಂಪ್ಯೂಟರಿಗೆ ಇಳಿಸಿಕೊಳ್ರಿ. ಕ್ಯಾಸೆಟ್ಟು ಓಡಸೋ ವಿಸಿಆರ್ ಮಾಡತಿದ್ದ ಕಡೀ ಕಂಪನಿ, ಜಪಾನಿನ ಫುನಾಯಿ, 2016ರಾಗ ಅದನ್ನ ಮಾಡೋದೇ ನಿಲ್ಲಿಸ್ಯದ. ಟೇಪು ಉಳದು ಯಂತ್ರ ಇಲ್ಲಂದ್ರ ಕೀಲಿ ಕಳದ ತಿಜೋರಿ.

ಮೇರಿಯನ್ನಳ ಟೇಪುಗಳದೂ ಅದೇ ಪಾಡು. ಒಂದು ಟೇಪನ್ನ ಡಿಜಿಟಲ್ ಮಾಡಬೇಕಂದ್ರ ಅದು ಪೂರ್ತಿ ಓಡಬೇಕು, ಆರು ತಾಸಿನದಕ್ಕ ಆರು ತಾಸೇ ಬೇಕು. ಆಕಿ ಒಬ್ಬಾಕಿ ಎದ್ದು ಹೋಗಿ ಹಾಕಿದ್ದನ್ನ ಈಗ ಮತ್ತ ಯಾರೋ ಎದ್ದು ಹೋಗಿ ಹಾಕಬೇಕು, ಮುಗಿದ ಮ್ಯಾಲೆ ತಗದು ಇನ್ನೊಂದು ಹಾಕಬೇಕು. ಉಳಸೋ ಕೆಲಸ ಅಂದ್ರ ಅಷ್ಟೇ ನೋಡ್ರಿ, ಯಾರರೆ ಒಬ್ಬರು ಏಳಬೇಕು. ನಿಮ್ಮ ಮನ್ಯಾಗ ಯಾವ ಕ್ಯಾಸೆಟ್ಟು, ಯಾವ ಡಿಸ್ಕು ಹಂಗೇ ಬಿದ್ದದ ಅಂತ ಈ ರವಿವಾರ ಒಮ್ಮೆ ತಗದು ನೋಡ್ರಿ.